ಪರಸಪ್ಪನ ನಿಯಮ

ಅರಭಾವಿ ದಾಟಿ ಮೂಡಲಗಿ ರಸ್ತೆಯಲ್ಲಿರುವ ರಾವಸಾಹೇಬ ಸಾವಕಾರರ ನರ್ಸರಿಯಲ್ಲಿ ನಾಲ್ಕು ಸಾವಿರ ಮಾವಿನ ಕಸಿಗಳಿಗೆ ಹತ್ತು ನಿಮಿಷಕ್ಕೊಮ್ಮೆ ತುಂತುರು ಬಿಡುತ್ತಿದ್ದುದು ಸಾಹಿರಾ ಬರೆದ ಪ್ರೋಗ್ರಾಮು. ಸಾವಕಾರರಿಗೆ ಅದರ ಮೇಲೆ ಭರವಸೆ ಅಷ್ಟಕ್ಕಷ್ಟೇ. ಹುಕ್ಕೇರಿಯಿಂದ ಬಸ್ಸಿನಲ್ಲಿ ಬರುವ ಹುಡುಗಿ ಬರೆದದ್ದು ಎಷ್ಟು ದಿನ ನಡೆದೀತು ಎಂದು ಎಲ್ಲರೆದುರೇ ಅಂದು, ಪುಣೆಯ ಕಂಪನಿಯೊಂದರ ತುಂತುರು ಯಂತ್ರ ತರಿಸಲು ಮಾತಾಡಿಟ್ಟಿದ್ದರು. ಆ ಮಾತು ಸಾಹಿರಾಳಿಗೆ ಚೆನ್ನಾಗಿಯೇ ನಾಟಿತ್ತು.

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಒಣಗಾಳಿ ಎದ್ದಿತು. ಇಪ್ಪತ್ತಾರು ವರ್ಷದಿಂದ ಕಸಿ ಕಟ್ಟುತ್ತಿದ್ದ ಪರಸಪ್ಪ ಎಲೆಯ ಬೆನ್ನನ್ನು ಕೆನ್ನೆಗೊತ್ತಿ ನೋಡಿದ.

"ಗಾಳಿ ಜೋರ ಇದ್ದಾಗ ಹತ್ತ ನಿಮಿಷ ಕಾಯಬಾರದು ತಂಗಿ. ಎರಡ ನಿಮಿಷಕ್ಕೊಮ್ಮಿ ಸ್ವಲ್ಪ ಸ್ವಲ್ಪ ಬಿಡಬೇಕು."

ಪ್ರೋಗ್ರಾಮು ನಿಲ್ಲಿಸಿ ತಿದ್ದಿದರೆ ವಾಲ್ವುಗಳೆಲ್ಲ ಮುಚ್ಚಿ, ಕೊಳವೆ ಮತ್ತೆ ತುಂಬಲು ಅರ್ಧ ತಾಸು ಬೇಕು. ಅಷ್ಟರಲ್ಲಿ ಕಸಿಗಳು ಸುಟ್ಟುಹೋಗುತ್ತವೆ. ನಿಲ್ಲಿಸುವುದೇ ಬೇಡ ಎಂದಳು ಸಾಹಿರಾ. ಪ್ರೋಗ್ರಾಮು ಬರೆಯುವ ಹ್ಯಾಸ್ಕೆಲ್ ಭಾಷೆಯ ಕಂಪೈಲರನ್ನೇ, ಅಂದರೆ ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸುವ ಸಾಧನವನ್ನೇ, ಆಕೆ ಪ್ರೋಗ್ರಾಮಿನ ಹೊಟ್ಟೆಯಲ್ಲಿ ಕೂರಿಸಿದ್ದಳು. ಹೊಸ ಸಾಲು ಬರೆದು ಕೊಟ್ಟರೆ ಅದು ತಪ್ಪು-ಒಪ್ಪು ನೋಡಿ, ಸರಿಯಿದ್ದರೆ ಕೆಲಸ ನಡೆಯುತ್ತಿರುವಾಗಲೇ ಸೇರಿಸಿಕೊಳ್ಳುತ್ತಿತ್ತು. ಆರು ತಿಂಗಳು ಬಸ್ಸಿನಲ್ಲಿ ಕಲಿತ ವಿದ್ಯೆ ಅದು, ಸೀಟು ಸಿಕ್ಕ ದಿನ ಕೂತು, ಸಿಗದ ದಿನ ನಿಂತು.

ಗಡಿಬಿಡಿಯಲ್ಲಿ ಬರೆದು ಒತ್ತಿದಳು. ಪರದೆಯ ತುಂಬ ಕೆಂಪು ಅಕ್ಷರ ಬಂದವು.

"ಕೆಡಿಸಿ ಕುಂತಿಯಲ್ಲ ತಂಗಿ," ಎಂದರು ಹಿಂದೆ ಬಂದು ನಿಂತಿದ್ದ ಸಾವಕಾರರು.

ಸಾಹಿರಾ ಓದಿ ನೋಡಿದಳು. ಗಾಳಿಯ ವೇಗ ಇರಬೇಕಾದ ಜಾಗದಲ್ಲಿ ಹವೆಯ ತೇವಾಂಶ ಬರೆದಿದ್ದಳು. ಒಂದು ಅಳತೆಯ ಜಾಗಕ್ಕೆ ಇನ್ನೊಂದು ಬಂದರೆ ಕಂಪೈಲರು ಒಪ್ಪುವುದಿಲ್ಲ. ಅತ್ತ ಹಳೆಯ ತುಂತುರು ಮಾತ್ರ ತನ್ನ ಹೊತ್ತಿಗೆ ಸರಿಯಾಗಿ ಬೀಳುತ್ತಲೇ ಇತ್ತು. ಅದನ್ನು ಕಂಡು ಆಕೆಯ ಎದೆ ಉಬ್ಬಿತು.

"ಕೆಟ್ಟಿಲ್ರಿ ಸಾವಕಾರ್ರ. ತಪ್ಪ ನಂದು. ಅದಕ್ಕ ಗೊತ್ತಾತು, ಒಳಗ ಬಿಟ್ಟಕೊಳ್ಳಲಿಲ್ಲ."

ತಿದ್ದಿ ಮತ್ತೆ ಒತ್ತಿದಳು. ಎರಡು ನಿಮಿಷಕ್ಕೆ ಸಣ್ಣ ತುಂತುರು ಎದ್ದಿತು. ಮತ್ತೆರಡು ನಿಮಿಷಕ್ಕೆ ಇನ್ನೊಮ್ಮೆ. ಒಂದು ತಾಸು ಬಿಟ್ಟು ಪರಸಪ್ಪ ಎಲೆಯನ್ನು ಮತ್ತೆ ಕೆನ್ನೆಗೊತ್ತಿ ಸಾಕು ಎಂಬಂತೆ ತಲೆಯಾಡಿಸಿದ. ನಿಯಮಕ್ಕೊಂದು ಹೆಸರು ಬೇಕಿತ್ತು; ಸಾಹಿರಾ 'ಪರಸಪ್ಪ' ಎಂದೇ ಕೊಟ್ಟಿದ್ದಳು. ಪರದೆಯ ಮೇಲೆ ಅದನ್ನು ಓದಿ ಆತ ರುಮಾಲು ಬಿಚ್ಚಿ ನೆಟ್ಟಗೆ ಸುತ್ತಿಕೊಂಡ.

ಸಾವಕಾರರು ಅಲ್ಲೇ ನಿಂತು ಪುಣೆಗೆ ಫೋನು ಹಚ್ಚಿ ಯಂತ್ರ ಬೇಡವೆಂದರು. ಹಾಗಾದರೆ ಯಾವ ಕಂಪನಿಯದು ಹಾಕಿಸಿದಿರಿ ಎಂದು ಆ ಕಡೆಯವರು ಕೇಳಿರಬೇಕು. ಸಾವಕಾರರು ಸಾಹಿರಾಳ ಕಡೆ ನೋಡಿ, ಗಂಟಲು ಸರಿಮಾಡಿಕೊಂಡು, ನಮ್ಮ ಹುಕ್ಕೇರಿಯದು ಎಂದು ಇಡೀ ನರ್ಸರಿಗೆ ಕೇಳುವ ಹಾಗೆ ಮರಾಠಿಯಲ್ಲಿ ಹೇಳಿದರು.

ಐದು ಗಂಟೆಯ ಬಸ್ಸು ತಪ್ಪಿದ್ದು ಸಾಹಿರಾಳಿಗೆ ಆಮೇಲೆ ನೆನಪಾಯಿತು.