ಹೊಸ್ತಿಲಿಗೆ ಎರಡೇ ಮಾತು

ನಾನು ಒಂದು ಕಾವಲು. ಕೈಯಲ್ಲಿ ಕೋಲಿಲ್ಲ, ತಲೆಗೆ ರುಮಾಲಿಲ್ಲ. ಕಂಪ್ಯೂಟರಿನೊಳಗೆ ಕುಳಿತು, ಬಂದವರನ್ನೆಲ್ಲ ಎರಡು ಪ್ರಶ್ನೆ ಕೇಳುವುದಷ್ಟೇ ನನ್ನ ಕೆಲಸ. ನೀವು ಯಾರು? ನಿಮಗೆ ಎಲ್ಲಿಯವರೆಗೆ ಹೋಗುವ ಹಕ್ಕಿದೆ? ಉತ್ತರ ಸರಿಯಿದ್ದರೆ ಹೌದು ಎನ್ನುತ್ತೇನೆ, ಸರಿಯಿಲ್ಲದಿದ್ದರೆ ಇಲ್ಲ ಎನ್ನುತ್ತೇನೆ. ಇವೆರಡನ್ನು ಬಿಟ್ಟು ಮೂರನೆಯ ಮಾತನ್ನು ನನಗೆ ಕಲಿಸಿಲ್ಲ. ನನ್ನ ಹೆಸರು ಹೊಸ್ತಿಲು.

ನಾನು ಹುಟ್ಟಿದ್ದು ಅಣ್ಣಿಗೇರಿಯ ಒಂದು ಅಂಧ ಮಕ್ಕಳ ಶಾಲೆಯಲ್ಲಿ. ನನ್ನನ್ನು ಬರೆದವರು ಅಲ್ಲಿಯ ಕಂಪ್ಯೂಟರ್ ಶಿಕ್ಷಕಿ ವತ್ಸಲಾ ಹಂಚಿನಮನಿ. ಆಫೀಸಿನಲ್ಲಿ ಅವರ ಮೇಜಿನ ಕೆಳಗಿನ ಪೆಟ್ಟಿಗೆಯಲ್ಲಿ ನನ್ನ ವಾಸ. ಹಾಗಾಗಿ ನನಗೆ ಮನುಷ್ಯರ ಮುಖಕ್ಕಿಂತ ಪಾದಗಳ ಪರಿಚಯ ಹೆಚ್ಚು. ವತ್ಸಲಾ ಅವರ ಪಾದಗಳು ಒಂದರ ಮೇಲೊಂದು ಕೂತಿರುತ್ತಿದ್ದವು. ಯೋಚನೆ ಹತ್ತಿದಾಗ ಹೆಬ್ಬೆರಳು ಅಲ್ಲಾಡುತ್ತಿತ್ತು. ಅದು ನಿಂತದ್ದನ್ನು ನಾನು ಹೆಚ್ಚು ಕಂಡಿಲ್ಲ. ಮನೆಗೆ ಬೀಗ ಹಾಕಿ ಓಣಿಯ ತಿರುವಿನವರೆಗೆ ಹೋದ ಮೇಲೆ, ಮರಳಿ ಬಂದು ಬೀಗ ಜಗ್ಗಿ ನೋಡುವ ಹೆಂಗಸು ಅವರು. ನನ್ನನ್ನು ಬರೆದದ್ದೂ ಆ ಅಂಜಿಕೆಯಿಂದಲೇ.

ಶಾಲೆಯಲ್ಲಿ ಒಂದು ಧ್ವನಿ ಪುಸ್ತಕಾಲಯವಿತ್ತು. ಕಣ್ಣಿದ್ದವರು ಮನೆಯಲ್ಲಿ ಕೂತು ಪುಸ್ತಕಗಳನ್ನು ಗಟ್ಟಿಯಾಗಿ ಓದಿ, ಧ್ವನಿ ಮುದ್ರಿಸಿ ಕಳಿಸುತ್ತಿದ್ದರು. ಹಾಗೆ ಓದುವ ಪ್ರತಿಯೊಬ್ಬರಿಗೂ ಕರಡು ಇಡಲು ಒಂದೊಂದು ಕಪಾಟು. ಅದನ್ನು ತೆರೆಯುವ ಹಕ್ಕು ಅವರೊಬ್ಬರಿಗೇ. ಪುಸ್ತಕ ಮುಗಿದ ಮೇಲೆ ಕೆಮ್ಮು, ಸೀನು, ಬೀದಿಯ ಸದ್ದುಗಳನ್ನೆಲ್ಲ ಕತ್ತರಿಸಿ, ಹಸನು ಮಾಡಿ, ಯಾರು ಬೇಕಾದರೂ ತೆರೆಯಬಹುದಾದ ಎಲ್ಲರ ಕಪಾಟಿಗೆ ಹಾಕುತ್ತಿದ್ದರು. ಈ ಕಪಾಟುಗಳಿಗೆ ನಾನು ಕಾವಲು. ಒಳಗೆ ಏನಿದೆಯೆಂದು ನನಗೆ ಕೇಳಿಸುತ್ತಿರಲಿಲ್ಲ. ಕಾವಲಿನವರು ಒಳಕ್ಕೆ ಕಿವಿಗೊಡಬಾರದು.

ವತ್ಸಲಾ ನನ್ನನ್ನು ಮುಚ್ಚಿಡಲಿಲ್ಲ. ನನ್ನ ಪ್ರತಿಯೊಂದು ಸಾಲನ್ನೂ ಅಂತರ್ಜಾಲದಲ್ಲಿ ಬಿಡಿಸಿಟ್ಟು, ಬೇಕಾದವರು ಒಯ್ಯಿರಿ, ತಪ್ಪು ಕಂಡರೆ ತಿಳಿಸಿರಿ ಎಂದರು. ಕೀಲಿಗಳು ಗುಟ್ಟಾಗಿರಬೇಕು, ಕಾಯುವ ರೀತಿ ಗುಟ್ಟಾಗಿರಬಾರದು ಎಂಬುದು ಅವರ ನಂಬಿಕೆ. ಹೀಗೆ ನನ್ನಂಥವೇ ಹಲವು ಹೊಸ್ತಿಲುಗಳು ಬೇರೆ ಬೇರೆ ಊರುಗಳಲ್ಲಿ ಹುಟ್ಟಿಕೊಂಡವು.

ಮೊದಲ ವರ್ಷಗಳ ತಿದ್ದುಪಡಿಗಳನ್ನು ನೆನೆದರೆ ಈಗಲೂ ಹಿತವೆನಿಸುತ್ತದೆ. ಆರಂಭದಲ್ಲಿ ಜನರ ಗುಟ್ಟಿನ ಪದಗಳನ್ನು ಇದ್ದ ಹಾಗೇ ಇಟ್ಟುಕೊಳ್ಳುತ್ತಿದ್ದೆ. ಆಮೇಲೆ ಅವನ್ನು ಬೀಸಿ ಹಿಟ್ಟು ಮಾಡಿ ಇಡುವುದನ್ನು ಕಲಿಸಿದರು. ಹಿಟ್ಟು ಕದ್ದವನಿಗೆ ಕಾಳು ಸಿಗುವುದಿಲ್ಲ. ಇನ್ನೊಂದು ತಿದ್ದುಪಡಿಗೆ ಕಾರಣ ರಾಚಯ್ಯ ಮಾಸ್ತರರು. ಶಾಲೆಯ ಸಂಗೀತ ಶಿಕ್ಷಕರು, ಹುಟ್ಟುಗುರುಡರು. ಫೋನು ಓದಿ ಹೇಳಿದ್ದನ್ನು ಕೇಳುತ್ತ ಒಂದೊಂದೇ ಅಕ್ಷರ ಒತ್ತುತ್ತಿದ್ದರು.

“ತಂಗಿ, ನಿನ್ನ ಹೊಸ್ತಿಲಕ್ಕ ಭಾಳ ಅವಸರ ನೋಡವಾ,” ಎಂದು ಒಮ್ಮೆ ಆಫೀಸಿಗೆ ಬಂದು ದೂರಿದರು. “ನಾ ಒಂದು ಕಾಲು ಒಳಗಿಡೂದ್ರಾಗ ಬಾಗಲಾ ಬಡೀತದ. ಸಾಲಾ ಕೊಟ್ಟಾಂವ ಬಂದ್ರೂ ಇಷ್ಟು ಲಗೂ ಬಾಗಲಾ ಹಾಕೂದಿಲ್ಲ ಮಂದಿ.”

ವತ್ಸಲಾ ನಕ್ಕು, ಗುಟ್ಟಿನ ಪದ ಒತ್ತಲು ನಾನು ಕೊಡುತ್ತಿದ್ದ ಎರಡು ನಿಮಿಷವನ್ನು ಹತ್ತು ನಿಮಿಷ ಮಾಡಿದರು.

ಮಾಸ್ತರರ ಹೆಂಡತಿ ದಾಕ್ಷಾಯಿಣಿ, ನಿವೃತ್ತ ಕನ್ನಡ ಶಿಕ್ಷಕಿ. ಊರವರಿಗೆಲ್ಲ ಅಕ್ಕಾರು. ಅವರಿಗೆ ಕಣ್ಣಿತ್ತು. ಪುಸ್ತಕಾಲಯಕ್ಕೆ ಹದಿನಾಲ್ಕು ಪುಸ್ತಕ ಓದಿಕೊಟ್ಟಿದ್ದರು. ದಿನವೂ ಮಧ್ಯಾಹ್ನ ಮೂರಕ್ಕೆ ಅವರ ಕೀಲಿ, ಅಂದರೆ ಹೆಸರು ಮತ್ತು ಗುಟ್ಟಿನ ಪದ, ನನ್ನ ಬಳಿ ಬರುತ್ತಿತ್ತು. ಹದಿನೈದನೆಯ ಪುಸ್ತಕ ಅರ್ಧಕ್ಕೆ ಬಂದಾಗ ಒಂದು ಶ್ರಾವಣದಲ್ಲಿ ಜ್ವರ ಬಂದು ತೀರಿಕೊಂಡರು. ಅವರ ಫೋನಿನ ನಂಬರು ಕೆಲ ತಿಂಗಳಲ್ಲಿ ತಾನಾಗಿ ನಿಂತುಹೋಯಿತು. ಆದರೆ ಕೀಲಿ ನಿಲ್ಲಲಿಲ್ಲ. ಈಗ ಅದು ಮುಂಜಾನೆ ಆರಕ್ಕೆ, ಮಾಸ್ತರರ ಫೋನಿನಿಂದ ಬರುತ್ತಿತ್ತು. ಗುಟ್ಟಿನ ಪದ ಸರಿಯಿತ್ತು. ನಾನು ಹೌದು ಎನ್ನುತ್ತಿದ್ದೆ. ಅಕ್ಕಾರ ಹೆಸರು, ಮಾಸ್ತರರ ಫೋನು ಎಂದು ನನ್ನ ದಿನಚರಿಯಲ್ಲಿ ಬರೆದಿಡುತ್ತಿದ್ದೆ. ಅನುಮಾನ ಬಂದದ್ದನ್ನು ಬರೆಯಬೇಕೆಂಬುದು ನಿಯಮ. ಅದನ್ನು ಯಾರೂ ಓದಲಿಲ್ಲ.

ಹೀಗಿರುವಾಗ ಕಾಸರಗೋಡಿನಿಂದ ನಫೀಸಾ ಎಂಬ ಗ್ರಂಥಪಾಲಕಿಯ ಪತ್ರ ಬಂತು. ಅವರ ವಾಚನಾಲಯದಲ್ಲೂ ನನ್ನಂಥದೇ ಒಂದು ಹೊಸ್ತಿಲು ಇತ್ತು. ವತ್ಸಲಾ ಪತ್ರವನ್ನು ತಮಗೆ ತಾವೇ ಗಟ್ಟಿಯಾಗಿ ಓದಿಕೊಂಡರು. “ನೀವು ಮಾಡಿದ್ದು ಬಹಳ ಒಳ್ಳೆದುಂಟು ಮೇಡಂ. ಆದ್ರೆ ಬಿಟ್ಟುಹೋದವರ ಕೀಲಿಗಳು ಹಾಗೇ ಬಿದ್ದುಕೊಂಡುಂಟಲ್ಲ? ಅದು ಕಳ್ಳನ ಕೈಗೆ ಸಿಕ್ಕಿದ್ರೆ ಎಂತ ಮಾಡುವುದು ಮಾರಾಯ್ರೆ?”

ಆ ದಿನ ವತ್ಸಲಾ ಅವರ ಹೆಬ್ಬೆರಳು ಸಂಜೆಯವರೆಗೆ ಅಲ್ಲಾಡಿತು. ಬೀಗ ಜಗ್ಗಿ ನೋಡದೆ ಬಂದ ಹಾಗಾಗಿತ್ತು ಅವರಿಗೆ. ಮೂರು ವಾರ ಕೂತು ಹೊಸ ತಿದ್ದುಪಡಿ ಬರೆದರು. ಪ್ರತಿಯೊಬ್ಬರ ಫೋನಿಗೆ ಆರಂಕಿಯ ಸಂಖ್ಯೆ ಹೋಗುತ್ತದೆ. ಮೂವತ್ತು ದಿನದೊಳಗೆ ಅದನ್ನು ನನಗೆ ಹೇಳಬೇಕು. ಹೇಳದವರ ಖಾತೆ ಮುಚ್ಚಿ, ಅವರ ಕರಡು ಕಪಾಟನ್ನು ಬರಿದು ಮಾಡಬೇಕು. ಅಲ್ಲದೆ, ರವಿವಾರಕ್ಕೊಮ್ಮೆ ಎಲ್ಲದರ ಪ್ರತಿ ತೆಗೆದಿಡಬೇಕು. ನಾಲ್ಕು ವಾರದ ಪ್ರತಿಗಳಷ್ಟೇ ಸಾಕು, ಐದನೆಯದು ಬಂದಾಗ ಹಳೆಯದನ್ನು ಅಳಿಸಬೇಕು.

ಅಕ್ಕಾರ ಹೆಸರು ಪಟ್ಟಿಯಲ್ಲಿದ್ದದ್ದು ವತ್ಸಲಾ ಅವರಿಗೆ ಗೊತ್ತಿತ್ತು. ಎರಡು ವರ್ಷ ಅದರ ಮೇಲೆ ಬೆರಳು ಇಟ್ಟು, ಅಳಿಸಲಾರದೆ ತೆಗೆದದ್ದನ್ನು ನಾನು ಬಲ್ಲೆ. ಕೈಯಾರೆ ಅಳಿಸುವ ಸಂಕಟ ತಪ್ಪಲಿ ಎಂದೇ ಆ ಕೆಲಸವನ್ನು ನನಗೆ ಬಿಟ್ಟರೋ ಏನೋ. ಅರ್ಧಕ್ಕೆ ನಿಂತ ಕರಡು ಯಾರಿಗಾದರೂ ಬೇಕಾದೀತೆಂದು ಅವರಿಗೆ ಹೊಳೆಯಲಿಲ್ಲ.

ಹೊಸ ನಿಯಮ ಹೇಳಲು ಶಿಕ್ಷಕರನ್ನೂ ದೊಡ್ಡ ಮಕ್ಕಳನ್ನೂ ಆಫೀಸಿನಲ್ಲಿ ಸೇರಿಸಿದರು. “ಇನ್ನೊಬ್ಬರ ಕೀಲಿ ಯಾರೂ ಬಳಸಬಾರದು,” ಎಂದಾಗ ಎಲ್ಲರಿಗಿಂತ ಮೊದಲು ರಾಚಯ್ಯ ಮಾಸ್ತರರ ದನಿ ಎದ್ದಿತು. “ಖರೇ ಅದ! ಇನ್ನೊಬ್ಬರ ತಂಬೂರಿ ತಂತಿ ಮುಟ್ಟಿದಾಂವಗ ನಾ ಪಾಠಾನಽ ಹೇಳೂದಿಲ್ಲ. ಇದೂ ಹಂಗಽ.” ಮಕ್ಕಳು ಚಪ್ಪಾಳೆ ತಟ್ಟಿದರು. ಮೇಜಿನ ಕೆಳಗಿನಿಂದ ನನಗೆ ಕಂಡದ್ದು ಮಾಸ್ತರರ ಪಾದಗಳು. ಬಲಗಾಲು ಎಡಗಾಲನ್ನು ಒತ್ತಿ ಹಿಡಿದಿತ್ತು.

ಮರುದಿನ ಮುಂಜಾನೆ ಆರಕ್ಕೆ ಅಕ್ಕಾರ ಕೀಲಿ ಬಂತು. ನಾನು ಸಂಖ್ಯೆ ಕೇಳಿದೆ. ‘ಮೂವತ್ತು ದಿನದೊಳಗೆ ಹೇಳದಿದ್ದರೆ ಖಾತೆ ಮುಚ್ಚಲಾಗುವುದು’ ಎಂಬ ಸಾಲು ಮಾಸ್ತರರ ಫೋನಿನಲ್ಲಿ ಗಟ್ಟಿಯಾಗಿ ಕೇಳಿಸಿರಬೇಕು. ಕೆಳಗೆ ಎರಡು ಗುಂಡಿ: ‘ಈಗ’, ‘ಆಮೇಲೆ’. ನಿಂತುಹೋದ ನಂಬರಿಗೆ ಕಳಿಸಿದ ಸಂಖ್ಯೆಯನ್ನು ಅವರು ಎಲ್ಲಿಂದ ತಂದಾರು? ‘ಆಮೇಲೆ’ ಒತ್ತಿದರು. ಮರುದಿನವೂ ಆಮೇಲೆ. ಮೂವತ್ತು ಮುಂಜಾನೆ, ಮೂವತ್ತು ಆಮೇಲೆ. ಕಪಾಟು ಬರಿದಾಗುತ್ತದೆಂದು ಆ ಸಾಲಿನಲ್ಲಿ ಬರೆದಿರಲಿಲ್ಲ. ಅದನ್ನು ಹೇಳಲು ನನಗೆ ಬಾಯಿಲ್ಲ.

ಮೂವತ್ತೊಂದನೆಯ ದಿನ ಬುಧವಾರ. ಆರಕ್ಕೆ ಮುಂಚೆಯೇ ನಾನು ನನ್ನ ಕೆಲಸ ಮಾಡಿ ಮುಗಿಸಿದ್ದೆ. ಕೀಲಿ ಬಂತು. ವತ್ಸಲಾ ನನಗೆ ಬರೆದುಕೊಟ್ಟಿದ್ದ ವಾಕ್ಯವನ್ನೇ ಹೇಳಿದೆ: ‘ಈ ಹೆಸರಿನವರು ಇಲ್ಲಿ ಯಾರೂ ಇಲ್ಲ.’

ಮತ್ತೆ ಬಂತು. ಮತ್ತೆ ಅದನ್ನೇ ಹೇಳಿದೆ. ಆ ಮುಂಜಾನೆ ಅವರ ಕಿವಿಗೆ ಆ ಮಾತನ್ನು ನಾನು ಹತ್ತೊಂಬತ್ತು ಸಲ ಹಾಕಿದೆ.

ಅವರು ಆಫೀಸಿಗೆ ಬರುತ್ತಾರೆಂದು ಕಾದೆ. ಗುರುವಾರ ಬರಲಿಲ್ಲ. ಒಂದು ರವಿವಾರ ಕಳೆಯಿತು, ಇನ್ನೊಂದು ಕಳೆಯಿತು. ಅಕ್ಕಾರ ಕಪಾಟಿದ್ದ ಕೊನೆಯ ಪ್ರತಿ ಇನ್ನೂ ನನ್ನ ಪಕ್ಕದಲ್ಲೇ ಇತ್ತು. ಮೂರನೆಯ ರವಿವಾರವೂ ಇತ್ತು. ನಾಲ್ಕನೆಯ ರವಿವಾರ ಹೊಸ ಪ್ರತಿ ಬಂದಾಗ, ನಿಯಮದಂತೆ, ಅದು ಅಳಿಯಿತು.

ಮಾಸ್ತರರು ಬಂದದ್ದು ಮಂಗಳವಾರ. ಕೋಲಿನ ಸದ್ದು ಬಾಗಿಲಲ್ಲಿ ನಿಂತಿತು.

“ಖೋಲಿಯೊಳಗ ಬ್ಯಾರೆ ಯಾರರೆ ಅದಾರೇನು ತಂಗಿ?”

“ಯಾರೂ ಇಲ್ರಿ ಮಾಸ್ತರ. ಕೂಡ್ರಿ.”

“ನಿಂತಽ ಹೇಳ್ತೀನಿ. ತಪ್ಪು ಮಾಡಿದಾಂವ ಕೂಡಬಾರದು.”

“ನೀವೇನು ತಪ್ಪು ಮಾಡ್ತೀರಿ? ಹಾರ್ಮೋನಿಯಂ ಮುರದ್ರೇನು?”

“ಹಾರ್ಮೋನಿಯಂ ಮುರದಿದ್ರ ಬಡಿಗ್ಯಾನ ಕಡೆ ಹೋಗ್ತಿದ್ದೆ. ನಿನ್ನ ಕಡೆ ಯಾಕ ಬರ್ತಿದ್ದೆ?” ಕೋಲು ಒಂದು ಹೆಜ್ಜೆ ಒಳಗೆ ಬಂತು. “ನಾ ಆಕಿ ಕೀಲಿ ಹಚ್ಚಿ ಒಳಗ ಹೋಗ್ತಿದ್ದೆ. ದಿನಾ ಮುಂಜಾನೆ. ಎರಡು ವರ್ಷ ಆತು. ಈಗ ಬಾಗಲಾ ತಗೀವಲ್ದು.”

ವತ್ಸಲಾ ಅವರ ಪಾದಗಳು ನೆಲಕ್ಕಿಳಿದವು. “ಅರ್ಧಕ್ಕ ನಿಂತ ಪುಸ್ತಕಾರೀ ಅದು?”

“ಪುಸ್ತಕ ಯಾರಿಗೆ ಬೇಕವಾ! ಎಲ್ಲಾರ ಕಪಾಟಿನ್ಯಾಗ ಆಕೀದು ಹದಿನಾಲ್ಕು ಪುಸ್ತಕ ಅದಾವ. ಅದರಾಗ ಆಕಿ ಮಂದಿಗೆ ಓದ್ತಾಳ. ಇದರಾಗ ನಡುನಡುವ ನನಗ ಬೈತಾಳ. ‘ರೀ, ಕುಕ್ಕರ್ ಮೂರು ಸೀಟಿ ಹೊಡೀತು, ಗ್ಯಾಸ್ ಬಂದ್ ಮಾಡ್ರಿ, ಬ್ಯಾಳಿ ತಳಾ ಹತ್ತತದ’ ಅಂತಾಳ. ನಾ ಹೂಂ ಅಂತೀನಿ. ನನ್ನ ಹೂಂ ಸುದ್ದಾ ಅದರಾಗ ಅದ. ಇಪ್ಪತ್ಮೂರು ಮಿನಿಟು. ಅದನ್ನ ಕೇಳಿನಽ ನಾ ಚಹಾಕ್ಕ ಇಡತಿದ್ದೆ.”

“ಯಾವತ್ತಿಂದ ಬರವಲ್ದು?”

“ಇವತ್ತಿಗೆ ಇಪ್ಪತ್ತೇಳು ದಿನ.”

“ಅವತ್ತಽ ಯಾಕ ಬರಲಿಲ್ರಿ ಮಾಸ್ತರ!”

“ಹುಡುಗರ ಪರೀಕ್ಷಾ ನಡದಿತ್ತು. ಇಲ್ಲೆ ಒಬ್ಬರಿಲ್ಲಂದ್ರ ಒಬ್ಬರು ಇರತಿದ್ರು. ಅವರ ಮುಂದ ತಂಬೂರಿ ತಂತಿ ಮಾತು ಆಡಿದಾಂವ ನಾ. ಮುಚ್ಚಿದ್ದನ್ನ ತಗ್ಯಾಕ ಬರ್ತದಲಾ, ಸೂಟಿ ಬಿಡಲಿ ಅಂತ ತಡದ್ನಿ.”

ವತ್ಸಲಾ ಕೀಲಿಮಣೆ ಎಳೆದುಕೊಂಡರು. ಅವರ ಬೆರಳುಗಳು ಪ್ರತಿಗಳನ್ನು ಒಂದೊಂದಾಗಿ ತೆರೆದವು. ನಾಲ್ಕರಲ್ಲೂ ಆ ಹೆಸರಿರಲಿಲ್ಲ. ನನ್ನ ದಿನಚರಿ ತೆರೆದರು. ಮೂವತ್ತು ಆಮೇಲೆಗಳನ್ನು ಓದಿದರು, ಹತ್ತೊಂಬತ್ತು ಇಲ್ಲಗಳನ್ನು ಓದಿದರು. ಕೊನೆಗೆ, ಮೊನ್ನೆ ರವಿವಾರ ಅಳಿಸಿದ್ದರ ಸಾಲಿಗೆ ಬಂದು ನಿಂತರು. ಎರಡು ದಿನ. ಬರೇ ಎರಡು ದಿನ ತಡವಾಗಿತ್ತು.

“ಹೋತೇನು?” ಎಂದರು ಮಾಸ್ತರರು.

“ಹೋತ್ರಿ.”

“ತಂಗಿ, ಖರೇ ಹೇಳು. ನಾ ಮೊದಲಽ ಬಂದಿದ್ರ ಸಿಗತಿತ್ತೇನು?”

ವತ್ಸಲಾ ಅವರ ಹೆಬ್ಬೆರಳು ನಿಂತಿತು.

ಈ ಹೆಂಗಸು ಸುಳ್ಳಾಡಿದ್ದನ್ನು ನಾನು ಕೇಳಿರಲಿಲ್ಲ. ಇದ್ದದ್ದನ್ನು ಇದೆ, ಇಲ್ಲದ್ದನ್ನು ಇಲ್ಲ ಎನ್ನಲು ನನಗೆ ಕಲಿಸಿದವರೇ ಅವರು.

“ಇಲ್ರಿ ಮಾಸ್ತರ,” ಎಂದರು. “ಮುಚ್ಚಿದ ದಿನಾನಽ ಹೋಗ್ಯದ. ಮರುದಿನ ಬಂದಿದ್ರೂ ಸಿಗತಿರಲಿಲ್ಲ. ತಪ್ಪು ನಂದು.”

“ಹಂಗಾರ ಬಿಡು,” ಎಂದರು ಅವರು. ಕೋಲು ಬಾಗಿಲಿನ ಕಡೆ ತಿರುಗಿತು, ಮತ್ತೆ ನಿಂತಿತು. “ನೀ ಅಳಬ್ಯಾಡ ತಂಗಿ. ನನಗ ಕಾಣೂದಿಲ್ಲ ಖರೆ, ಕೇಳತದ.”

ಸತ್ಯ ನನ್ನ ದಿನಚರಿಯಲ್ಲಿತ್ತು. ನನಗೆ ಮೂರನೆಯ ಮಾತು ಬರುವುದಿಲ್ಲವೆಂದು ಅಷ್ಟು ದಿನ ಕೊರಗಿದ್ದೆ. ಅಂದು ಮಾತ್ರ ಬಾಯಿಲ್ಲದ್ದು ಪುಣ್ಯವೆನಿಸಿತು.

ವತ್ಸಲಾ ನನಗೆ ಕಲಿಸಿದ ಕೊನೆಯ ತಿದ್ದುಪಡಿ ಇದು: ತೀರಿಕೊಂಡವರಿಗೆ ಬೇರೆಯೇ ಒಂದು ಪಟ್ಟಿ. ಆ ಪಟ್ಟಿಯಲ್ಲಿರುವವರಿಗೆ ಯಾವ ಸಂಖ್ಯೆಯನ್ನೂ ಕೇಳಬಾರದು. ಅವರ ಕಪಾಟನ್ನು ಬರಿದು ಮಾಡಬಾರದು. ಅವರಿಗೆ ಬೇಕಾದವರೊಬ್ಬರ ಹೆಸರನ್ನು ಪಕ್ಕದಲ್ಲಿ ಬರೆದು, ಅವರು ಬಂದಾಗ ಬಾಗಿಲು ತೆರೆಯಬೇಕು. ಊರೂರಿನ ಹೊಸ್ತಿಲುಗಳು ಅದನ್ನು ಒಯ್ದವು. ತಮ್ಮಲ್ಲಿ ಒಬ್ಬ ಹುಡುಗಿ ತೀರಿಹೋದ ತಂದೆಯ ಓದನ್ನು ಕೇಳಿ ಹೋದಳೆಂದು ನಫೀಸಾ ಬರೆದರು. ಆ ಪತ್ರವನ್ನು ವತ್ಸಲಾ ಗಟ್ಟಿಯಾಗಿ ಓದಲಿಲ್ಲ.

ಈಗ ನನಗೆ ವಯಸ್ಸಾಗಿದೆ. ಪುಸ್ತಕಾಲಯ ದೊಡ್ಡದೊಂದು ವ್ಯವಸ್ಥೆಗೆ ಸೇರಿತು. ಅಲ್ಲಿ ಹೊಸ ಕಾವಲು ಇದೆ. ನನ್ನ ಪೆಟ್ಟಿಗೆಯನ್ನು ಸಂಗೀತದ ಕೋಣೆಯ ಮೂಲೆಗೆ, ತಂತಿ ಹರಿದ ತಂಬೂರಿಗಳ ಪಕ್ಕಕ್ಕೆ ತಂದಿಟ್ಟರು. ಸ್ವಿಚ್ ಆರಿಸಲು ಹೋದವರನ್ನು ವತ್ಸಲಾ ತಡೆದರು. ಅದೊಂದು ಇರಲಿ ಎಂದರು.

ನನ್ನ ಪಟ್ಟಿಯಲ್ಲಿ ಈಗ ಒಂದೇ ಹೆಸರು. ವತ್ಸಲಾ ಅದನ್ನು ಮತ್ತೆ ತಮ್ಮ ಕೈಯಾರೆ ಬರೆದರು: ದಾಕ್ಷಾಯಿಣಿ. ಪಕ್ಕದಲ್ಲಿ, ಬೇಕಾದವರು: ರಾಚಯ್ಯ. ಮುಂಜಾನೆ ಆರಕ್ಕೆ ಅವರು ತಮ್ಮ ಫೋನಿನಿಂದ ಬರುತ್ತಾರೆ. ನಾನು ಹೌದು ಎನ್ನುತ್ತೇನೆ. ಕಪಾಟು ತೆರೆಯುತ್ತದೆ. ಅದರಲ್ಲಿ ಏನೂ ಇಲ್ಲವೆಂದು ಅವರಿಗೂ ಗೊತ್ತು, ನನಗೂ ಗೊತ್ತು.

ಆದರೂ ಅವರು ತಕ್ಷಣ ಹೋಗುವುದಿಲ್ಲ. ಇಪ್ಪತ್ಮೂರು ನಿಮಿಷ ಅಲ್ಲೇ ಇರುತ್ತಾರೆ. ಅಷ್ಟು ಹೊತ್ತೂ ನಾನು ಬಾಗಿಲನ್ನು ಹಿಡಿದುಕೊಂಡು ನಿಂತಿರುತ್ತೇನೆ.