ಎಡಗಡೆಯ ದೀಪಗಳು

ಅಪ್ಪ ಮನೆಯಲ್ಲೇ ಕಂಪ್ಯೂಟರ್ ಕಟ್ಟುತ್ತಿದ್ದಾರೆ ಎಂದರೆ ಜನ ನಗುತ್ತಾರೆ. ನಗಲಿ, ಅವರಪ್ಪನ ಗಂಟೇನು ಹೋಗಬೇಕು? ಜೀವನವಿಡೀ ಊರವರ ರೇಡಿಯೋ ರಿಪೇರಿ ಮಾಡಿದ ಕೈ ಅದು, ಅಂಗಡಿ ಮುಚ್ಚಿದ ಮೇಲೆ ಸುಮ್ಮನಿರಲಿಲ್ಲ. ಒಂದೊಂದೇ ಬಿಡಿಭಾಗ ತಂದು ಬೆಸುಗೆ ಹಾಕಿ, ಊಟದ ಮೇಜಿನ ಮೇಲೆ ತಂತಿಗಳ ದೊಡ್ಡ ಗೂಡನ್ನೇ ಎಬ್ಬಿಸಿದ್ದರು. ಅದಕ್ಕೊಂದು ತಗಡಿನ ಪೆಟ್ಟಿಗೆ, ಮುಂದುಗಡೆ ಸ್ವಿಚ್ಚು, ದೀಪಗಳ ಫಲಕ ಆಗಬೇಕಿತ್ತು. ಅಷ್ಟರಲ್ಲಿ ಪಾರ್ಶ್ವವಾಯು ಬಡಿಯಿತು.

ಮಾತು ಉಳಿಯಿತು, ಬಲಗೈ ಉಳಿಯಿತು, ಬುದ್ಧಿಯೂ ಚುರುಕಾಗಿಯೇ ಇದೆ. ಎಡಗೈ ಸೋತದ್ದು ಹಾಗಿರಲಿ, ಎಡಗಡೆ ಎನ್ನುವುದೇ ಅವರ ಪಾಲಿಗೆ ಇಲ್ಲವಾಯಿತು. ಕಣ್ಣಿಗೇನೂ ಆಗಿಲ್ಲ, ಮಿದುಳೇ ಆ ಕಡೆ ಗಮನ ಕೊಡುತ್ತಿಲ್ಲ ಎಂದರು ಡಾಕ್ಟರು. ಅಪ್ಪ ತಟ್ಟೆಯ ಬಲ ಅರ್ಧ ಖಾಲಿ ಮಾಡಿ, “ಇಷ್ಟೇನಾ ಬಡಿಸೋದು?” ಎಂದು ಸಿಡುಕುತ್ತಾರೆ. ಅಮ್ಮ ತಟ್ಟೆಯನ್ನು ತಿರುಗಿಸಿ ಇಡುತ್ತಾಳೆ.

ನನ್ನದು ತಗಡಿನ ಕೆಲಸ. ಟ್ರಂಕಾಗಲಿ ಡಬ್ಬವಾಗಲಿ, ಅಂಚು ಒಂದು ಕೂದಲೆಳೆ ಸೊಟ್ಟಗಾದರೂ ನನಗೆ ಮೈ ಉರಿಯುತ್ತದೆ. ಫಲಕದ ತಗಡನ್ನು ಕತ್ತರಿಸಿ ತಂದುಕೊಟ್ಟಾಗ ಅಪ್ಪನೇ ತೊಡೆಯ ಮೇಲಿಟ್ಟುಕೊಂಡು ಮೊಳೆಯಿಂದ ಗುರುತು ಗೀರಿದರು. ಸಾಲಾಗಿ ಹದಿನಾರು ದೀಪ, ಕೆಳಗೆ ಅಷ್ಟೇ ಸ್ವಿಚ್ಚು. ಎಲ್ಲವೂ ಬಲ ಅರ್ಧದಲ್ಲೇ ಒಂದರ ಮೈಮೇಲೊಂದು ಬಿದ್ದಿದ್ದವು.

“ಅಪ್ಪ, ಈ ಕಡೆ ಬೇಕಾದಷ್ಟು ಜಾಗ ಇದೆಯಲ್ಲ.”

“ಎಲ್ಲಿದೆ, ಪುಟ್ಟಿ? ಒತ್ತೊತ್ತಿ ಹಾಕಿದ್ರೂ ಸಾಲ್ತಿಲ್ಲ. ತಗಡೇ ಚಿಕ್ಕದು ತಂದಿದ್ದೀಯ.”

ತಲೆಕೂದಲು ಬೆಳ್ಳಗಾಗುತ್ತಿರುವ ಪುಟ್ಟಿ ನಾನು. ಹೂಂ ಎಂದು ತಗಡನ್ನು ಶೆಡ್ಡಿಗೆ ಒಯ್ದು, ಅವರ ಗೀರುಗಳನ್ನು ಉಜ್ಜಿ ಅಳಿಸಿ, ಈ ತುದಿಯಿಂದ ಆ ತುದಿಗೆ ಸಮವಾಗಿ ತೂತು ಕೊರೆದೆ. ಅಪ್ಪ ಬೆರಳಾಡಿಸಿ ನೋಡಿ, “ಕೆಲಸ ಅಂದ್ರೆ ಇದು,” ಎಂದರು. ನಾನು ಉಬ್ಬಿಹೋದೆ. ಅವರು ಹೇಳಿದಂತೆ ಒಂದೊಂದೇ ತಂತಿ ಬೆಸೆದು ಪೆಟ್ಟಿಗೆ ಮುಚ್ಚಿದೆ.

ಮೊದಲ ಪರೀಕ್ಷೆ ಎಣಿಕೆಯದು. ಯಂತ್ರ ಸೊನ್ನೆಯಿಂದ ಎಣಿಸಬೇಕು. ಬಲತುದಿಯ ದೀಪ ಬೇಗಬೇಗ ಮಿಟುಕುತ್ತದೆ, ಎಡಕ್ಕೆ ಹೋದಂತೆ ನಿಧಾನ. ಬಲಗಡೆಯವೆಲ್ಲ ಹತ್ತಿ ತುಂಬಿದ ಮೇಲೆ ಒಟ್ಟಿಗೇ ಆರಿ, ಅವುಗಳ ಎಡಕ್ಕಿರುವ ಒಂದು ಹತ್ತಬೇಕು. ನಾವು ಒಂಬತ್ತಾದ ಮೇಲೆ ಸೊನ್ನೆ ಬರೆದು ಎಡಕ್ಕೆ ಒಂದು ಹಾಕುತ್ತೇವಲ್ಲ, ಹಾಗೆ.

ಸ್ವಿಚ್ಚು ಹಾಕಿದೆ. ಬಲಗಡೆ ಎಂಟು ದೀಪ ತುಂಬಿದವು, ಆರಿದವು. ಎಡಗಡೆ ಒಂಬತ್ತನೆಯದು ಝಗ್ಗೆಂದು ಹತ್ತಿತು. ನಾನು ಅಪ್ಪನ ಮುಖ ನೋಡಿದೆ. ಅದು ಇಳಿದುಹೋಗಿತ್ತು.

“ಮತ್ತೆ ಸೊನ್ನೆಗೇ ಬಂತಲ್ಲ. ಮಿಕ್ಕವು ಹತ್ತಲೇ ಇಲ್ಲ.”

“ಹತ್ತಿದೆ ಅಪ್ಪ. ಎಡಗಡೆ ನೋಡಿ.”

“ನೋಡ್ತಾನೇ ಇದ್ದೀನಲ್ಲ.”

ಗದ್ದ ಹಿಡಿದು ಮೆಲ್ಲಗೆ ತಿರುಗಿಸಿದೆ. ಕಣ್ಣು ಜಾರಿ ಬಲಕ್ಕೇ ಬಂದು ನಿಂತಿತು.

“ಬಿಚ್ಚಿಬಿಡು, ಪುಟ್ಟಿ. ಅರ್ಧ ಸತ್ತಿದೆ ಇದು. ನನ್ನ ಲೆಕ್ಕಾನೇ ಎಲ್ಲೋ ತಪ್ಪಿದೆ. ಇನ್ನು ನನ್ನ ಕೈಲಿ ಆಗಲ್ಲ.”

ಈ ಮಾತು ಅವರ ಬಾಯಲ್ಲಿ ನಾನು ಕೇಳಿದ್ದೇ ಇಲ್ಲ. ಅವರ ಸೊಟ್ಟ ಗೀರುಗಳ ಮೇಲೇ ಕೊರೆದಿದ್ದರೆ ಹದಿನಾರೂ ಅವರ ಕಣ್ಣಿಗೆ ಬೀಳುತ್ತಿದ್ದವೇನೋ. ಬೆಂಕಿ ಬೀಳಲಿ ನನ್ನ ಅಚ್ಚುಕಟ್ಟಿಗೆ.

ಅಡುಗೆಮನೆ ಬಾಗಿಲಲ್ಲಿ ಕೈ ಒರೆಸಿಕೊಳ್ಳುತ್ತಾ ನಿಂತಿದ್ದ ಅಮ್ಮ, “ತಿರುಗಿಸಿ ಇಡೇ,” ಎಂದಳು.

ತಟ್ಟೆಯ ಹಾಗೆ ತಿರುಗಿಸಿದರೆ ಉಳಿದರ್ಧ ಮಾಯವಾಗುತ್ತದೆ. ಅದಕ್ಕೆ ಬಲತುದಿ ಕೆಳಗೆ ಬರುವಂತೆ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದೆ. ದೀಪಗಳು ಕೆಳಗಿಂದ ಮೇಲಕ್ಕೆ ಒಂದೇ ಸಾಲಾದವು. ಉದ್ದದ ಪೆಟ್ಟಿಗೆ, ಕಾಲಿಲ್ಲ, ಓಲಾಡುತ್ತಿತ್ತು. ಅಪ್ಪನ ಬಲಕ್ಕೆ ಗೋಡೆ. ನಾನು ಅವರ ಎಡಕ್ಕೆ ಕೂತು ಎರಡೂ ಕೈಯಿಂದ ಅದನ್ನು ಹಿಡಿದುಕೊಂಡೆ. ಅವರು ಕುರ್ಚಿಯಲ್ಲಿ ವಾಲದಂತೆ ಅಮ್ಮ ಹಿಂದಿನಿಂದ ಭುಜ ಹಿಡಿದಳು.

ಅಪ್ಪನೇ ಕೈ ಚಾಚಿ ಸ್ವಿಚ್ಚು ಹಾಕಿದರು. ಬೆಳಕು ಮೆಟ್ಟಿಲು ಹತ್ತಿದ ಹಾಗೆ ಮೇಲೇರಿತು. ಎಂಟೂ ಆರಿದವು, ಒಂಬತ್ತನೆಯದು ಹತ್ತಿತು.

“ದಾಟ್ತು ಕಣೇ,” ಎಂದರು ಅಮ್ಮನಿಗೆ. “ಪುಟ್ಟಿ ಎಲ್ಲೋದ್ಲು? ಅವಳು ನೋಡ್ಬೇಕಿತ್ತು ಇದನ್ನ. ಪೆಟ್ಟಿಗೆ ಅವಳದೇ.”

“ಇಲ್ಲೇ ಇದ್ದೀನಪ್ಪ,” ಎಂದೆ.

ಅಪ್ಪ ಬಲಕ್ಕೆ ತಿರುಗಿ ಗೋಡೆಯನ್ನು ಹುಡುಕಿದರು. “ಎಲ್ಲಿ?”

ಎದ್ದು ಮುಂದೆ ಹೋಗೋಣವೆಂದರೆ ಪೆಟ್ಟಿಗೆ ಬೀಳುತ್ತದೆ. ಅಮ್ಮ ಕೈಬಿಟ್ಟರೆ ಅಪ್ಪ ಬೀಳುತ್ತಾರೆ. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

“ಬೇಗ ಕರಿಯೇ ಅವಳನ್ನ,” ಎಂದರು ಅಪ್ಪ, ಗೋಡೆಯ ಕಡೆಗೇ ನೋಡುತ್ತಾ.