ನನ್ನ ಹಿಡಿಕೆ ಹಿಡಿದವರು

ನಾನು ಒಂದು ಉಗಿ ಇಂಜಿನ್. ಉದ್ದ ಒಂದೂವರೆ ಅಡಿ, ತೂಕ ನಾಲ್ಕು ಕಿಲೋ. ಆಟಿಕೆ ಎಂದರೆ ನನಗೆ ಸಿಟ್ಟು ಬರುತ್ತದೆ. ನನ್ನ ಹೊಟ್ಟೆಯಲ್ಲಿ ಉರಿಯುವುದು ನಿಜವಾದ ಬೆಂಕಿ, ಕುದಿಯುವುದು ನಿಜವಾದ ನೀರು. ನಾನು ಸೀಟಿ ಹೊಡೆದರೆ ಮೂರು ಮನೆ ಆಚೆಯ ನಾಯಿ ಎದ್ದು ಬೊಗಳುತ್ತಿತ್ತು.

ಹುಬ್ಬಳ್ಳಿಯ ರೈಲ್ವೆ ಕಾಲೊನಿಯ ಹಿಂದಿನ ಓಣಿಯಲ್ಲಿ, ಗುರುಶಿದ್ದಪ್ಪನವರ ಹಿತ್ತಲಲ್ಲಿ ನಾನು ಹುಟ್ಟಿದೆ. ನನಗೆ ತಂದೆಯರು ಇಬ್ಬರು. ಗುರುಶಿದ್ದಪ್ಪ ದೊಡ್ಡ ಉಗಿ ಇಂಜಿನ್ನಿನ ಡ್ರೈವರ್ ಆಗಿದ್ದವರು. ದಾವಲಸಾಬ ಹದಿನಾಲ್ಕು ವರ್ಷ ಅವರ ಪಕ್ಕದಲ್ಲೇ ನಿಂತು ಒಲೆಗೆ ಕಲ್ಲಿದ್ದಲು ಎರಚಿದ ಫೈರ್‌ಮನ್. ಡೀಸೆಲ್ ಬಂದಾಗ ಡ್ರೈವರಿಗೆ ತರಬೇತಿ ಸಿಕ್ಕಿತು, ದಾವಲಸಾಬರಿಗೆ ಶೆಡ್ಡಿನಲ್ಲಿ ಇಂಜಿನ್ ತೊಳೆಯುವ ಕೆಲಸ ಸಿಕ್ಕಿತು. ನಿವೃತ್ತರಾದ ಮೇಲೆ ಇಬ್ಬರೂ ತಾಮ್ರದ ಕೊಳವೆ, ಹಿತ್ತಾಳೆ ತಗಡು ಕೂಡಿಸಿ, ಎರಡು ವರ್ಷ ಜಗಳಾಡುತ್ತ ನನ್ನನ್ನು ಮಾಡಿದರು. ಮೊಣಕಾಲೆತ್ತರದ ಕಟ್ಟೆ ಕಟ್ಟಿ ಅದರ ಮೇಲೆ ಸುತ್ತು ಹಳಿ ಹಾಸಿದರು.

ನನ್ನದೊಂದು ಕೆಟ್ಟ ಗುಣವಿತ್ತು. ಒಮ್ಮೆ ಹೊರಟೆನೆಂದರೆ ನನಗೆ ತಿರುವೂ ಒಂದೇ, ನೇರವೂ ಒಂದೇ. ಯಾರಾದರೂ ಜೊತೆಯಲ್ಲೇ ನಡೆಯುತ್ತ, ಬಗ್ಗಿ ಬಗ್ಗಿ ನನ್ನ ಉಗಿಯ ಹಿಡಿಕೆಯನ್ನು ಹೆಚ್ಚು ಕಡಿಮೆ ಮಾಡಬೇಕಿತ್ತು. ಲಕ್ವಾ ಹೊಡೆದು ಗುರುಶಿದ್ದಪ್ಪನವರ ಎಡಗಾಲು ಸೋತ ಮೇಲೆ ಆ ಕೆಲಸ ದಾವಲಸಾಬರದಾಯಿತು. ಪ್ರತಿ ಭಾನುವಾರ ಇವರು ಕುರ್ಚಿಯಲ್ಲಿ ಕೂತು ಹುಕುಂ ಕೊಡುವುದು, ಅವರು ನಡೆಯುವುದು.

"ತಿರುವು ಬಂತಲೇ, ಕಡಿಮಿ ಮಾಡ."

"ಮಾಡೇನ್ರೀ ಡ್ರೈವರ್ ಸಾಹೇಬ್ರ. ಕಣ್ಣು ನನಗೂ ಅದಾವ."

ಹಿಡಿಕೆ ಸುಡುತ್ತಿತ್ತು. ದಾವಲಸಾಬರು ಹಳೇ ಲುಂಗಿಯಿಂದ ಹರಿದ ನೀಲಿ ಚೌಕಳಿ ಅರಿವೆಯ ತುಂಡೊಂದನ್ನು ಮಡಚಿ, ನನ್ನ ಹಿಂದಿನ ನೀರಿನ ಬಂಡಿಯ ಮೇಲಿನ ಒಣ ಖಾನೆಯಲ್ಲಿ ಇಟ್ಟಿರುತ್ತಿದ್ದರು. ಅದರಿಂದ ಹಿಡಿದು ತಿರುಗಿಸುವಾಗ ಅವರ ಬೆರಳು ಎಷ್ಟು ಹಗುರ ಎಂದರೆ, ನನ್ನ ಓಟ ತಗ್ಗಿದ್ದು ನನಗೇ ತಿಳಿಯುತ್ತಿರಲಿಲ್ಲ.

ಗುರುಶಿದ್ದಪ್ಪನವರ ಮಗಳು ನೀಲಾ ಐಟಿಐನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುತ್ತಿದ್ದಳು. ಅಪ್ಪ ಬೇರೆಯವರ ಕೈ ನೋಡುತ್ತ ಕೂತಿರುವುದನ್ನು ಕಂಡು ಅವಳಿಗೆ ಸಂಕಟ. ಒಂದು ದಿನ ರೇಡಿಯೋ ಸಾಮಾನು ತಂದಳು. ಪುಟ್ಟ ಮೋಟಾರೊಂದನ್ನು ತಂತಿಯಿಂದ ನನ್ನ ಹಿಡಿಕೆಗೆ ಜೋಡಿಸಿದಳು. ಬ್ಯಾಟರಿಗೆ ಬಿಸಿ ತಾಗಬಾರದೆಂದು ಅದನ್ನು ಹಿಂದಿನ ಬಂಡಿಯ ಆ ಖಾನೆಯಲ್ಲಿಡಬೇಕಾಯಿತು. ಜಾಗ ಸಾಲದೆ ಅರಿವೆ ತೆಗೆದು ದಾವಲಸಾಬರ ಕೈಗಿಟ್ಟಳು.

"ಕಾಕಾ, ಇದು ಇನ್ನ ಬೇಕಾಗೂದಿಲ್ಲ."

ಅವರು ಅದನ್ನು ಕಿಸೆಗೆ ಹಾಕಿಕೊಂಡರು.

ಅಂದು ಗುರುಶಿದ್ದಪ್ಪ ರಿಮೋಟಿನ ಕಡ್ಡಿಯನ್ನು ಹೆಬ್ಬೆರಳಿನಿಂದ ಆಡಿಸಿದಾಗ ನಾನು ಹೊರಟೆ, ನಿಂತೆ, ಮತ್ತೆ ಹೊರಟೆ. ಅವರ ಕಣ್ಣಲ್ಲಿ ನೀರು ಬಂತು. ನಾನೂ ಹಿಗ್ಗಿದೆ, ಅದನ್ನು ಮುಚ್ಚಿಡುವುದಿಲ್ಲ.

"ಇನ್ನ ನೀ ಆರಾಮ ಕುಂದರ ದಾವಲ್ಯಾ. ಬಗ್ಗಿ ಬಗ್ಗಿ ನಿನ್ನ ನಡಾ ಹೋಗೇತಿ."

"ಡೀಸೆಲ್ ಬಂದಾಗೂ ಹಿಂಗ ಅಂದಿದ್ರು" ಎಂದರು ದಾವಲಸಾಬ. ಗುರುಶಿದ್ದಪ್ಪ ನಕ್ಕುಬಿಟ್ಟರು.

ನೀರು ತುಂಬುವುದು, ನನ್ನ ಒಲೆಯ ಗ್ಯಾಸು ಹೊತ್ತಿಸುವುದು ಇನ್ನೂ ಉಳಿದಿತ್ತು. ಕಾಕಾನ ಮೊಣಕಾಲು ನೋಯುತ್ತವೆಂದು ನೀಲಾ ಅದನ್ನೂ ಕಲಿತಳು. ದಾವಲಸಾಬರು ನಾಲ್ಕಾರು ಭಾನುವಾರ ಬಂದು, ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ಮೆಟ್ಟಿಲ ಮೇಲೆ ಕೂತರು. ಆಮೇಲೆ ಮೊಣಕಾಲಿನ ನೆವ ಹೇಳಿ ಕಳಿಸಿದರು. ಆಮೇಲೆ ಅದೂ ಇಲ್ಲ. ಗುರುಶಿದ್ದಪ್ಪ ತಾವಾಗಿ ಒಂದು ಫೋನೂ ಮಾಡಲಿಲ್ಲ. ಬಂದೇ ಬರುತ್ತಾನೆ, ಎಲ್ಲಿಗೆ ಹೋದಾನು ಎಂದುಕೊಂಡಿದ್ದರು.

ಎದೆನೋವು ಬಂದ ಮೂರನೇ ದಿನ ದಾವಲಸಾಬರು ಆಸ್ಪತ್ರೆಯಲ್ಲಿ ತೀರಿಕೊಂಡರು.

ಎರಡು ತಿಂಗಳು ನನಗೆ ಬೆಂಕಿ ಕಾಣಿಸಲಿಲ್ಲ. ಒಂದು ಮುಂಜಾನೆ ಅವರ ಹೆಂಡತಿ ಖೈರೂನಬಿ ಬಂದರು. ಒಗೆದು ಮಡಚಿದ ನೀಲಿ ಅರಿವೆಯನ್ನು ಗುರುಶಿದ್ದಪ್ಪನವರ ಮುಂದಿಟ್ಟರು.

"ಇಂಜಿನ್ನಿಂದಂತ ಅಣ್ಣಾರ. ದವಾಖಾನ್ಯಾಗ ಮಲಕೊಂಡು ಹೇಳಿದ್ರು, ಮರೀದ ಕೊಟ್ಟು ಬಾ ಅಂತ."

ಅವರು ಹೋದ ಮೇಲೆ ಗುರುಶಿದ್ದಪ್ಪ ಮಗಳಿಗೆ ನನ್ನನ್ನು ಹೊತ್ತಿಸಲು ಹೇಳಿದರು. ಎಡಗೈಯಲ್ಲಿ ಅರಿವೆ, ಬಲಗೈಯಲ್ಲಿ ರಿಮೋಟು. ನಾನು ಎರಡು ಸುತ್ತು ಚೆನ್ನಾಗಿಯೇ ಓಡಿದೆ. ಮೂರನೇ ಸುತ್ತಿಗೆ ಉಗಿ ಏರಿ ವೇಗ ಹೆಚ್ಚಿತು, ತಿರುವು ಹತ್ತಿರವಾಯಿತು. ಕುರ್ಚಿಯಿಂದ ಆ ಹಳೆಯ ಹುಕುಂ ಕೇಳಿಸಿತು.

"ತಿರುವು ಬಂತಲೇ ದಾವಲ್ಯಾ, ಕಡಿಮಿ ಮಾಡ."

ಹೆಬ್ಬೆರಳು ಅಲುಗಲಿಲ್ಲ. ನನ್ನ ಮೋಟಾರಿಗೆ ಕಿವಿಯಿಲ್ಲ. ನನಗೆ ಕೇಳಿಸಿತು, ಆದರೆ ನನಗೆ ಕೈಯಿಲ್ಲ. ಹಳಿ ತಪ್ಪಿ ಕಟ್ಟೆಯಿಂದ ಕಲ್ಲಿನ ಮೇಲೆ ಬಿದ್ದೆ. ಮುಂದಿನ ಗಾಲಿ ಸೊಟ್ಟಗಾಯಿತು, ಉಗಿಯೆಲ್ಲ ಸೋರಿಹೋಯಿತು. ನೀಲಾ ಓಡಿ ಬಂದು ಗ್ಯಾಸು ಬಂದ್ ಮಾಡಿದಳು. ಗುರುಶಿದ್ದಪ್ಪ ನನ್ನ ಕಡೆ ನೋಡಲಿಲ್ಲ. ಹಳಿಯ ಪಕ್ಕದ ಖಾಲಿ ನೆಲವನ್ನು ನೋಡುತ್ತ, ಬಿಕ್ಕಿ ಬಿಕ್ಕಿ ಅತ್ತರು.

"ರಿಪೇರಿ ಮಾಡ್ಲೇನಪ್ಪಾ?" ಎಂದು ನೀಲಾ ಆಮೇಲೊಮ್ಮೆ ಕೇಳಿದಳು.

"ಬ್ಯಾಡವ್ವ. ಆ ಮೋಟಾರ್ ಅಷ್ಟ ಬಿಚ್ಚಿ ತಗಿ."

ಈಗ ನಾನು ಗೋಡೆಯ ಕಪಾಟಿನಲ್ಲಿದ್ದೇನೆ. ರೇಡಿಯೋ ಮೇಲೆ ನನಗೆ ಸಿಟ್ಟಿಲ್ಲ. ಅದು ಹೇಳಿದ ಕೆಲಸ ಮಾಡಿತು. ನೀಲಾಳೂ ಪ್ರೀತಿಯಿಂದಲೇ ಮಾಡಿದ್ದಳು. ಭಾನುವಾರ ಗುರುಶಿದ್ದಪ್ಪ ಕುರ್ಚಿ ಎಳೆಸಿಕೊಂಡು ಬಂದು ಕಪಾಟು ತೆರೆಯುತ್ತಾರೆ, ನನ್ನ ಹಿಡಿಕೆಯನ್ನು ತುಸು ತೆರೆಯುತ್ತಾರೆ, ತುಸು ಮುಚ್ಚುತ್ತಾರೆ. ನಾನು ತಣ್ಣಗಾಗಿ ಎಷ್ಟೋ ಕಾಲವಾಯಿತು, ಕೈ ಸುಡುವುದಿಲ್ಲ. ಆದರೂ ಆ ನೀಲಿ ಅರಿವೆ ಹಿಡಿದೇ ಮುಟ್ಟುತ್ತಾರೆ.